ಹೊಂಬಾಳೆಯ ಸಂಜೆ

ಹೊಂಬಾಳೆಯ ಸಂಜೆಗಳು ಚೆನ್ನಾಗಿರುತ್ತವೆ ಎಂದು ನಮ್ಮೂರಿನಲ್ಲಿ ಮೊದಲು ಹೇಳಿದವಳು ನನ್ನ ಹೆಂಡತಿಯೇ. ಜಗಲಿಯ ಮೇಲೆ ಕಾಲು ಚಾಚಿ ಕುಳಿತು, ಬಾನಿನ ಕೆಂಪು ಆರುವುದನ್ನು ನೋಡುತ್ತ, "ಎಷ್ಟು ಮೆತ್ತಗೆ ಬಂತು ನೋಡಿ ಇವತ್ತು, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ" ಎಂದಳು. ನಾನು ತಂದ ಸಾವಿರಾರು ಸಂಜೆಗಳಲ್ಲಿ ಒಂದನ್ನು ಕುರಿತಾದರೂ ಅವಳು ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ನನ್ನ ಸಂಜೆ ಬಂದಾಗ ಅವಳು ಎದ್ದು ದೀಪ ಹಚ್ಚುತ್ತಿದ್ದಳು, ಅಷ್ಟೆ.

ನಮ್ಮೂರಿನಲ್ಲಿ ಹೊತ್ತು ತಾನಾಗಿ ಮುಳುಗುವುದಿಲ್ಲ. ಸೂರ್ಯ ಪಡುವಣ ಗುಡ್ಡದ ನೆತ್ತಿಯವರೆಗೆ ಬಂದು ಅಲ್ಲಿ ನಿಲ್ಲುತ್ತಾನೆ. ಕೆಳಗೆ ಬಯಲಿನಲ್ಲಿ ದಿನದ ಚೆಂಡಾಟ ನಡೆದು, ಕೊನೆಯ ಸ್ಟ್ರೈಕನ್ನು ಅಂಪೈರ್ ಕೂಗಿ ಹೇಳಿದ ಮೇಲೆಯೇ ಇಳಿಯುತ್ತಾನೆ. ಹೊರಗಿನಿಂದ ಬರುವ ವ್ಯಾಪಾರಿಗಳು ಈ ಆಟಕ್ಕೆ ಬೇಸ್‌ಬಾಲ್ ಎನ್ನುತ್ತಾರೆ. ಅವರ ಕಡೆ ಅದನ್ನು ಬರೀ ಗೆಲ್ಲುವುದಕ್ಕಾಗಿ ಆಡುತ್ತಾರಂತೆ. ಕೇಳಿದಾಗ ನಮಗೆ ನಗು ಬರುತ್ತದೆ. ನಮ್ಮಲ್ಲಿ ಗೋಧೂಳಿ ಲಗ್ನ ಇಟ್ಟುಕೊಂಡವರು ಪುರೋಹಿತರ ಮನೆಗಿಂತ ಮೊದಲು ಚೆಂಡು ಹಿಡಿಯುವ ಕ್ಯಾಚರನ ಮನೆಗೆ ತಾಂಬೂಲ ಕಳಿಸುತ್ತಾರೆ. ಹಪ್ಪಳ ಒಣಗಿಸುವವರು, ಬಟ್ಟೆ ಒಗೆಯುವವರು, ಇಟ್ಟಿಗೆ ಕೊಯ್ಯುವವರು ಹಗಲಿನ ಕಡೆಯವರು. ಹೂವು ಮಾರುವವರು, ಹಸು ಕಟ್ಟಿದವರು, ಹೊಸದಾಗಿ ಮದುವೆಯಾದವರು ಸಂಜೆಯ ಕಡೆಯವರು. ಎರಡು ಕಡೆಯವರೂ ಒಂದೇ ಬೀದಿಯಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ, ಹೊಂದಿಕೊಂಡು ಬಾಳುತ್ತಾರೆ.

ದಿನದ ಕೊನೆಯ ಬ್ಯಾಟುಗಾರ ಯಾವಾಗಲೂ ಹಗಲಿನ ಕಡೆಯವನಾಗಿರಬೇಕು ಎಂಬುದು ಕಟ್ಟಳೆ. ಅವನು ಮಣ್ಣಿನಲ್ಲಿ ಹುದುಗಿಸಿದ ಬಿಳಿಯ ಹಲಗೆಯ ಪಕ್ಕದಲ್ಲಿ ನಿಲ್ಲುತ್ತಾನೆ. ಹಲಗೆಯ ಅಗಲ, ಅವನ ಮೊಣಕಾಲಿನಿಂದ ಎದೆಯವರೆಗಿನ ಎತ್ತರ, ಇಷ್ಟನ್ನು ನಾವು ಕಿಟಕಿ ಎನ್ನುತ್ತೇವೆ. ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ಕಿಟಕಿಯೊಳಗೆ ಹಾದುಬಂದ ಚೆಂಡನ್ನು ಅವನು ಬೀಸದೆ ಬಿಟ್ಟರೆ, ಹಿಂದೆ ನಿಂತ ಅಂಪೈರ್ "ಸ್ಟ್ರೈಕ್" ಎನ್ನಬೇಕು. ಬ್ಯಾಟಿಗೆ ತಗುಲಿ ಅಡ್ಡ ಹಾರಿದ ಚೆಂಡುಗಳೂ ಮೊದಲೆರಡು ಸ್ಟ್ರೈಕಾಗಬಹುದು; ಆದರೆ ಸಂಜೆಯನ್ನು ತರುವ ಮೂರನೆಯದು ಬ್ಯಾಟುಗಾರ ಬಿಟ್ಟ ಚೆಂಡಿಗೇ ಆಗಬೇಕು. ಹಗಲು ಬೇಕಾದವನು ಒಳಗಿನ ಚೆಂಡನ್ನು ಬಿಡುತ್ತಾನೆಯೇ? ಅದನ್ನು ಅಡ್ಡಕ್ಕೆ ಹೊಡೆದು ಹಾಕುತ್ತ ಇರುತ್ತಾನೆ. ಅವನು ಬಿಡುವುದೇನಿದ್ದರೂ ಹೊರಗಿನದನ್ನು, ಇಲ್ಲವೆ ಅಂಚಿನದನ್ನು. ಆದ್ದರಿಂದ ನಮ್ಮೂರಿಗೆ ಸಂಜೆ ಬರುವುದು ಆ ಅಂಚಿನಿಂದಲೇ. ಅಂಚಿನ ಚೆಂಡು ಅಂಪೈರನ ಕಣ್ಣಿಗೆ ಒಳಗೆ ಕಾಣುವುದೋ ಹೊರಗೆ ಕಾಣುವುದೋ ಎಂಬುದು ಅದನ್ನು ಹಿಡಿಯುವ ಕ್ಯಾಚರನ ಕೈಯಿಂದಲೇ ತೀರ್ಮಾನವಾಗುತ್ತದೆ.

ಆ ಕೈ ಬಹುಕಾಲ ನನ್ನದಾಗಿತ್ತು. ಹಲಗೆಯ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು, ಹೊರಗೆ ಸರಿದ ಚೆಂಡನ್ನು ಗ್ಲೌಸಿನಲ್ಲಿ ಹಿಡಿದು, ತಟಕ್ಕನೆ ಒಳಗೆ ಎಳೆದು, ಅಲ್ಲಿ ಕಲ್ಲಿನಂತೆ ನಿಲ್ಲಿಸುತ್ತಿದ್ದೆ. ಹಿಡಿದ ಸದ್ದು ಗುಡ್ಡಕ್ಕೆ ಬಡಿದು ಹಿಂದಿರುಗುತ್ತಿತ್ತು. ಅಂಪೈರ್ ಸ್ಟ್ರೈಕ್ ಎಂದೊಡನೆ ಸೂರ್ಯ ಬಾವಿಗೆ ಬಿದ್ದ ಕೊಡದಂತೆ ದುಡುಮ್ಮನೆ ಇಳಿಯುತ್ತಿದ್ದ. ಸಂಜೆಗೆ ಕ್ಯಾಚರನ ಹೆಸರಿಡುವುದು ನಮ್ಮ ರೂಢಿ. ಕತ್ತಲಾದೊಡನೆ ಪ್ರತಿ ಮನೆಯಲ್ಲಿಯೂ ಹಿರಿಯರು ಹೊಸಿಲ ಬಳಿ ನಿಂತು ಯಾರ ಸಂಜೆ ಬಂತೆಂದು ಹೇಳುತ್ತಾರೆ; ಅದನ್ನು ಕೇಳಿದ ಮೇಲೆಯೇ ದೀಪ ಹಚ್ಚಬೇಕು. "ನಾಭಿರಾಜಯ್ಯನ ಸಂಜೆ ಬಂತು" ಎಂಬ ಮಾತು ಬೀದಿಯ ಈ ತುದಿಯಿಂದ ಆ ತುದಿಗೆ ಮನೆಮನೆಯಿಂದ ಕೇಳಿಬರುವಾಗ ನಾನು ಮೈಯ ಧೂಳು ಕೊಡವುತ್ತ ನಡುಬೀದಿಯಲ್ಲಿ ನಡೆದುಬರುತ್ತಿದ್ದೆ. ಅರಸರಿಗೂ ಅಂಥ ಮೆರವಣಿಗೆ ಇರಲಾರದು.

ಮೊಣಕಾಲು ಸೋತು ನಾನು ಏಳಬೇಕಾದಾಗ, ಊರಿನವರು ಆ ಜಾಗಕ್ಕೆ ಹೊಂಬಾಳೆಯನ್ನು ಕೂರಿಸಿದರು. ಅವಳು ಬಳೆಗಾರ್ತಿ. ಬಳೆಯ ಗೊಂಚಲುಗಳ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಮನೆಮನೆಗೆ ಹೋಗಿ, ಹೆಂಗಸರ ಕೈ ಹಿಡಿದು, ಊರಿನ ಸಮಾಚಾರವನ್ನೆಲ್ಲ ಒದರುತ್ತ ಬಳೆ ತೊಡಿಸುವವಳು. ಮಾತು ಮುಗಿಯುವುದರೊಳಗೆ ಬಳೆ ಮಣಿಕಟ್ಟಿನಲ್ಲಿರುತ್ತಿತ್ತು. ಗೆಣ್ಣು ದಾಟಿದ್ದು ಯಾವಾಗ ಎಂದು ಕೈ ಕೊಟ್ಟವಳಿಗೇ ತಿಳಿಯುತ್ತಿರಲಿಲ್ಲ. ಈ ವಿದ್ಯೆಯನ್ನೇ ಅವಳು ಬಯಲಿಗೂ ತಂದಳು.

ದಿನವೂ ಹೋಗಿ ಬಯಲಿನ ಸುತ್ತ ಕಟ್ಟಿದ ಹಗ್ಗದ ಬಳಿ ಕುಳಿತು ನೋಡುತ್ತಿದ್ದೆ. ತಪ್ಪು ಹುಡುಕಲೆಂದೇ ಹೋಗುತ್ತಿದ್ದೆ. ತಪ್ಪುಗಳೇನು ಕಡಿಮೆಯೆ? ಒಂದು ಮೊಣಕಾಲನ್ನು ಧೂಳಿಗೆ ಊರಿ ಕೂರುತ್ತಿದ್ದಳು. ನಮ್ಮ ಕಾಲದಲ್ಲಿ ಅದು ಸೋಮಾರಿಗಳ ಭಂಗಿ. ಗ್ಲೌಸನ್ನು ಎದೆಯ ಮುಂದೆ ಗುರಿಯಾಗಿ ಹಿಡಿಯುವ ಬದಲು ನೆಲಕ್ಕೆ ತಾಗುವಂತೆ ಇಳಿಬಿಟ್ಟಿರುತ್ತಿದ್ದಳು. ಬಾಯಿ ಒಂದು ಗಳಿಗೆಯೂ ಮುಚ್ಚುತ್ತಿರಲಿಲ್ಲ. ಚೆಂಡು ಹಿಡಿದಾಗ ಸದ್ದೇ ಇಲ್ಲ, ಒದ್ದೆ ಬಟ್ಟೆ ಬಿದ್ದಂತೆ ಒಂದು ಶಬ್ದ, ಅಷ್ಟೆ. ಆದರೂ ಹೊರಗಿನದೆಂದು ನಾನು ಆಣೆಯಿಟ್ಟು ಹೇಳಬಲ್ಲ ಚೆಂಡುಗಳಿಗೆ ಅಂಪೈರ್ ಪುಟ್ಟಾಚಾರ್ ಸ್ಟ್ರೈಕ್ ಕೂಗುತ್ತಿದ್ದರು. ಸೂರ್ಯ ತೊಟ್ಟಿಲಿಗೆ ಮಗುವನ್ನು ಇಳಿಸಿದಂತೆ ಗುಡ್ಡದಾಚೆಗೆ ಇಳಿಯುತ್ತಿದ್ದ. ಮನೆಗೆ ಬಂದರೆ ನನ್ನ ಹೆಂಡತಿಯ ಎರಡೂ ಕೈಗಳಲ್ಲಿ ಹೊಸ ಹಸಿರು ಬಳೆಗಳು.

"ಯಾವಾಗ ಬಂದಿದ್ದಳು?" ಎಂದೆ.

"ಮಧ್ಯಾಹ್ನ. ನೀವು ಮಲಗಿದ್ರಿ. ಒಂದು ಬಳೇನೂ ಒಡೀಲಿಲ್ಲ ಕಣ್ರೀ! ನನ್ನ ಕೈ ಈಗ ಎಷ್ಟು ಗಡುಸು, ನಿಮಗೇ ಗೊತ್ತಲ್ಲ."

ನನಗೆ ಗೊತ್ತಿರಲಿಲ್ಲ. ಅವಳ ಕೈ ಮೆತ್ತಗಿದ್ದುದು ಯಾವಾಗ, ಗಡುಸಾದದ್ದು ಯಾವಾಗ ಎಂದು ಯೋಚಿಸುತ್ತ ಊಟಕ್ಕೆ ಕುಳಿತೆ. ಅದೂ ಆ ಬಳೆಗಾರ್ತಿಗೇ ಮೊದಲು ತಿಳಿದಿತ್ತು.

ಹೊಸ ಕ್ಯಾಚರ್ ಬಂದು ಒಂದು ವರ್ಷ ತುಂಬುವವರೆಗೆ ಸಂಜೆ ಹಳಬನ ಹೆಸರಿನಲ್ಲಿಯೇ ನಡೆಯುತ್ತದೆ. ಹೆಂಡತಿ ಎಷ್ಟೇ ಹೊಗಳಲಿ, ಹೊಸಿಲಿನಲ್ಲಿ ಹೇಳುವುದು ನನ್ನ ಹೆಸರೇ ಆಗಿತ್ತು. ವರ್ಷ ತುಂಬಿದಂದು ಒರೆ ಹಚ್ಚುವ ಆಟ. ಅಂದು ಹಳೆಯ ಕ್ಯಾಚರನೇ ಅಂಪೈರ್. ಹೊರಗಿನ ಚೆಂಡನ್ನು ಒಳಕ್ಕೆ ಕದಿಯುವ ಕೈಯನ್ನು ಕಂಡುಹಿಡಿಯಲು ಅದೇ ಕೆಲಸ ಮಾಡಿದವನ ಕಣ್ಣೇ ಬೇಕೆಂದು ಹಿರಿಯರು ಹಾಗೆ ಮಾಡಿಟ್ಟಿದ್ದಾರೆ. ಹಲಗೆಯ ಪಕ್ಕದಲ್ಲಿ ಒಂದು ಬುಟ್ಟಿ ದುಂಡುಮಲ್ಲಿಗೆಯ ಮೊಗ್ಗು ಇಡುತ್ತಾರೆ. ಸಂಜೆ ಬರಲಿ ಬಿಡಲಿ, ಮಲ್ಲಿಗೆ ಮಾತ್ರ ತನ್ನ ಹೊತ್ತಿಗೆ ಅರಳಿಬಿಡುತ್ತದೆ. ಮೊಗ್ಗು ಬಿರಿಯುವುದರೊಳಗೆ ಹೊಸಬರು ಸಂಜೆ ತಂದರೆ ಅಂದಿನಿಂದ ಅದು ಅವರ ಹೆಸರಿನದು. ತರದಿದ್ದರೆ ಅವರು ಏಳಬೇಕು, ಸಂಜೆ ಹಳಬನ ಹೆಸರಿನಲ್ಲಿಯೇ ಮುಂದುವರಿಯುತ್ತದೆ. ನನ್ನ ಹೆಸರು ಉಳಿಯುವುದೂ ಅಳಿಯುವುದೂ ನನ್ನ ನಾಲಗೆಯ ಮೇಲೆಯೇ ಇತ್ತು. ಇಂಥ ಕಟ್ಟಳೆ ಮಾಡಿದ ಹಿರಿಯರಿಗೆ ಮನುಷ್ಯರ ಮೇಲೆ ಎಷ್ಟು ನಂಬಿಕೆ ಇದ್ದಿರಬೇಕು, ಇಲ್ಲವೆ ಎಷ್ಟು ಕುಚೋದ್ಯ ಇದ್ದಿರಬೇಕು.

ಒರೆಯ ದಿನ ಪುಟ್ಟಾಚಾರ್ ಮುಖಕ್ಕೆ ಕಟ್ಟುವ ತಂತಿಯ ಕಾಪನ್ನು ಕಳಚಿ ನನ್ನ ಕೈಗೆ ಕೊಟ್ಟರು. ನನ್ನ ಕಾಲದುದ್ದಕ್ಕೂ ನನ್ನ ಬೆನ್ನಹಿಂದೆ ನಿಂತು ಅಂಪೈರಾಗಿದ್ದವರು ಅವರೇ. ನಾನು ತಡೆಯಲಾರದೆ ಕೇಳಿದೆ:

"ಆಚಾರ್ರೇ, ನಿಜ ಹೇಳಿ. ಅವಳ ಕೈ ನಿಮಗೆ ಮೋಸ ಮಾಡುತ್ತೆ ಅಲ್ವಾ?"

"ಗೊತ್ತಿಲ್ಲ ನಾಭಿರಾಜಯ್ಯ. ಮೋಸ ಅಂತ ಗೊತ್ತಾಗಿದ್ರೆ ಸ್ಟ್ರೈಕ್ ಕೊಡ್ತಿರಲಿಲ್ಲ."

"ನನ್ನ ಕೈ?"

ಅವರು ಕುತ್ತಿಗೆಯ ಬೆವರು ಒರೆಸಿಕೊಂಡರು. "ನಿಮ್ಮದು ಸುಲಭ ಇತ್ತು. ಚೆಂಡಿನ ಪೆಟ್ಟಿಗೆ ಕೈ ಮೊದಲು ಹೊರಗೆ ಹೋಗೋದು, ಆಮೇಲೆ ಒಳಗೆ ಎಳೀತಿದ್ರಿ. ಎಳೆಯೋವಾಗ ಎಡಭುಜ ಕುಣಿಯೋದು. ಭುಜ ಕುಣೀತು ಅಂದ್ರೆ ಚೆಂಡು ಹೊರಗೆ ಅಂತ ನಾನು ತಿಳ್ಕೊಂಡಿದ್ದೆ."

"ಮತ್ತೆ ಸ್ಟ್ರೈಕ್ ಯಾಕೆ ಕೊಡ್ತಿದ್ರಿ?"

"ಸಂಜೆ ಆಗಿ ಹಸು ಕರೀಬೇಕಿತ್ತಲ್ಲ ಸ್ವಾಮೀ!" ಎಂದು ಅವರು ನಕ್ಕು, ನನ್ನ ಮುಖ ನೋಡಿ ನಗುವನ್ನು ನುಂಗಿಕೊಂಡು, "ತಮಾಷೆಗೆ ಅಂದೆ" ಎಂದರು. ತಮಾಷೆಗೆ ಅಂದದ್ದಲ್ಲವೆಂದು ಇಬ್ಬರಿಗೂ ತಿಳಿದಿತ್ತು.

ಕಾಪು ಕಟ್ಟಿಕೊಂಡು ಹೊಂಬಾಳೆಯ ಬೆನ್ನಹಿಂದೆ ನಿಂತೆ. ಆ ಹೊತ್ತಿಗೆ ನನ್ನ ಮನಸ್ಸು ಕಲ್ಲಾಗಿತ್ತು. ಕರುಣೆಯಿಂದ ಬಂದ ಸಂಜೆಗಳ ಮೇಲೆ ನನ್ನ ಹೆಸರು ಕುಳಿತಿದ್ದರೆ ಕುಳಿತಿರಲಿ. ಇವಳಿಗೆ ಕರುಣೆಯೂ ಸಿಗದು, ಮೋಸವೂ ನಡೆಯದು. ಮೋಸ ನಡೆಯದಿರಲು ಉಪಾಯವೊಂದನ್ನು ಮನೆಯಲ್ಲಿಯೇ ಯೋಚಿಸಿಕೊಂಡು ಬಂದಿದ್ದೆ. ಚೆಂಡು ಹಲಗೆಯ ಮೇಲೆ ಹಾಯ್ದ ಕ್ಷಣವೇ ಕಣ್ಣು ಮುಚ್ಚಿಬಿಡುವುದು. ಆಮೇಲೆ ಅವಳ ಗ್ಲೌಸು ಎಂಥ ಮಾಟ ಮಾಡಿದರೂ ನಾನು ನೋಡಿದರಲ್ಲವೆ?

ಅಂದಿನ ಕೊನೆಯ ಬ್ಯಾಟುಗಾರ ಇಟ್ಟಿಗೆಗೂಡಿನ ಕೆಂಚಣ್ಣ. "ಯಜಮಾನ್ರೇ, ನನ್ನ ಇಟ್ಟಿಗೆ ಇನ್ನೂ ಹಸೀ ಅವೆ. ಒಸಿ ಕಣ್ಣಿಟ್ಟು ನೋಡಿ" ಎಂದು ಬ್ಯಾಟು ತಿರುಗಿಸಿದ.

"ನಾನು ಚೆಂಡು ನೋಡೋಕೆ ಬಂದಿದೀನಿ, ಇಟ್ಟಿಗೆಯನ್ನಲ್ಲ."

ಹೊಂಬಾಳೆ ಕುಳಿತಲ್ಲಿಂದಲೇ ಗಂಟಲೆತ್ತಿದಳು. "ಕೆಂಚಣ್ಣೋ, ಹೋದ್ವರ್ಷ ನಿನ್ನ ಇಟ್ಟಿಗೆ ಹಾಕಿ ಕಟ್ಟಿದ ಗೋಡೆಗೆ ನಮ್ಮತ್ತೆ ಒರಗಿಕೊಂಡ್ರೆ ಸೀರೆ ಎಲ್ಲ ಕೆಮ್ಮಣ್ಣು! ಇನ್ನೂ ಒಂದು ತಿಂಗಳು ಬಿಸಿಲು ಕೊಟ್ರೂ ನಿನ್ನ ಇಟ್ಟಿಗೆ ಒಣಗಾಕಿಲ್ಲ." ಜನ ನಕ್ಕರು. ಅವಳು ನನ್ನತ್ತ ಅರ್ಧ ತಿರುಗಿ, "ಅಮ್ಮಾವ್ರ ಬಳೆ ಹೆಂಗವೆ ಯಜಮಾನ್ರೇ? ಎಡಗೈಗೆ ಒಂದು ಬಿಗಿ ಆಯ್ತು ಅಂತಿದ್ರು" ಎಂದಳು.

"ಮಾತು ಸಾಕು. ಮುಂದೆ ನೋಡು."

"ನೋಡ್ತೀನಿ. ನೀವೂ ನೋಡಿ ಮತ್ತೆ" ಎಂದು ಅವಳು ಗ್ಲೌಸನ್ನು ನೆಲಕ್ಕೆ ಇಳಿಬಿಟ್ಟಳು.

ಎಸೆಯುವವನು ರಾಚಯ್ಯ. ಕೆಂಚಣ್ಣ ಒಳಗಿನ ಎರಡು ಚೆಂಡುಗಳನ್ನು ಅಡ್ಡಕ್ಕೆ ಹಾರಿಸಿದ; ಎರಡು ಸ್ಟ್ರೈಕಾಯಿತು. ಇನ್ನು ಉಳಿದದ್ದು ಸಂಜೆಯದೊಂದೇ. ಆಮೇಲೆ ಅಂಚಿನ ಚೆಂಡುಗಳು ಬರತೊಡಗಿದವು. ಕೆಂಚಣ್ಣ ಬಿಟ್ಟ. ಹಲಗೆಯ ಮೇಲೆ ಹಾಯುವಾಗ ಕಣ್ಣು ಮುಚ್ಚಿದೆ. ಒದ್ದೆ ಬಟ್ಟೆಯ ಆ ಸದ್ದು ಕೇಳಿತು. "ಹೊರಗೆ!" ಎಂದೆ. ಹಗ್ಗದ ಸುತ್ತ ನಿಂತ ಜನ ಹೂಂಕರಿಸಿದರು. ಮತ್ತೊಂದು. "ಹೊರಗೆ!" ಮತ್ತೊಂದು. ನಾಲ್ಕು ಚೆಂಡು ಹೊರಗಾದರೆ ನಮ್ಮಲ್ಲಿ ಸ್ಟ್ರೈಕನ್ನು ಹಾಗೆಯೇ ಉಳಿಸಿ, ಹೊರಗಿನ ಲೆಕ್ಕವನ್ನಷ್ಟೇ ಅಳಿಸಿ ಮತ್ತೆ ಮೊದಲಿನಿಂದ ಹಿಡಿಯುತ್ತಾರೆ. ಹಾಗೆ ಲೆಕ್ಕ ಎಷ್ಟು ಸಲ ಅಳಿಯಿತೋ ನನಗೆ ತಿಳಿಯದು. ಸೂರ್ಯ ಗುಡ್ಡದ ಮೇಲೆ ಕುಳಿತೇ ಇದ್ದ. ಊರಿನ ಕಡೆಯಿಂದ ಹಸುಗಳು ಕೆಚ್ಚಲು ಬಿಗಿದು ಕೂಗುವುದು ಕೇಳತೊಡಗಿತು. "ಯಜಮಾನ್ರು ರಾತ್ರಿ ಊಟಾನೂ ಬಿಸಿಲಲ್ಲೇ ಬಡಿಸ್ತಾರೆ ಇವತ್ತು!" ಎಂದು ಯಾರೋ ಕೂಗಿದರು. ರಾಚಯ್ಯ ತೋಳು ನೀವಿಕೊಂಡು ನೀರು ಕುಡಿದ. ಹೊಂಬಾಳೆಯ ಮಾತು ಮೆಲ್ಲಮೆಲ್ಲನೆ ನಿಂತುಹೋಗಿತ್ತು. ಅದು ನಿಂತದ್ದು ನನಗೆಷ್ಟು ಹಿತವಾಗಿತ್ತೆಂದರೆ, ನೋಯುತ್ತಿದ್ದ ಮೊಣಕಾಲೂ ಮರೆತುಹೋಗಿತ್ತು.

ಬುಟ್ಟಿಯ ಬಳಿ ಕುಳಿತ ಹೂವಿನ ಜೈಬೂನಮ್ಮ ಎದೆ ಬಡಿದುಕೊಂಡಳು. "ಅಂಪೈರ್ ಸಾಬ್, ಮೊಗ್ಗು ಉಬ್ತಾ ಇದೆ! ಇನ್ನೊಂದು ಚೂರು ಹೊತ್ತಾದ್ರೆ ಬಾಯಿ ಬಿಡ್ತದೆ!"

ಆಗಲೇ ಹಗ್ಗದ ಬಳಿ ನನ್ನ ಹೆಂಡತಿಯನ್ನು ಕಂಡೆ. ಅವಳು ಬಯಲಿಗೆ ಬಂದವಳೇ ಅಲ್ಲ; ನನ್ನ ಕಾಲದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಸೆರಗನ್ನು ತಲೆಯ ಮೇಲೆ ಹೊದ್ದು, ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. ಹಸಿರು ಬಳೆಗಳು ಮಿಂಚಿದವು. ನಾನು ಅಂಪೈರಾಗಿ ನಿಂತದ್ದನ್ನು ನೋಡಲು ಬಂದಳೆಂದು ಒಂದು ಗಳಿಗೆ ನನ್ನ ಎದೆ ಹಿಗ್ಗಿತು. ಆದರೆ ಅವಳ ಕಣ್ಣು ನನ್ನ ಮೇಲೆ ಇರಲಿಲ್ಲ. ನನಗಿಂತ ಮುಂದೆ, ನನಗಿಂತ ಕೆಳಗೆ, ಧೂಳಿಗೆ ತಾಗುವಂತೆ ಇಳಿಬಿಟ್ಟ ಆ ಗ್ಲೌಸಿನ ಮೇಲೆ ಇತ್ತು. ಇಲ್ಲಿ ನೋಡತಕ್ಕದ್ದೇನೋ ಇದೆ, ಅದನ್ನು ಊರೆಲ್ಲ ನೋಡುತ್ತಿದೆ, ನನ್ನ ಹೆಂಡತಿಯೂ ನೋಡುತ್ತಿದ್ದಾಳೆ, ಒಂದು ಮೊಳ ದೂರದಲ್ಲಿ ನಿಂತ ನಾನೊಬ್ಬನೇ ಕಣ್ಣು ಮುಚ್ಚಿಕೊಂಡಿದ್ದೇನೆ ಎಂದು ಹೊಳೆಯಿತು. ಇಷ್ಟು ಹತ್ತಿರದಿಂದ ಅವಳ ಕೈಯನ್ನು ನೋಡುವ ಅವಕಾಶ ನನಗೆ ಇಂದಲ್ಲದೆ ಇನ್ನೆಂದಿಗೂ ಸಿಗದು.

ರಾಚಯ್ಯ ಎಸೆದ. ಚೆಂಡು ತಗ್ಗಾಗಿ, ಹೊರ ಅಂಚಿನ ಕಡೆಗೆ ಜಾರುತ್ತ ಬಂತು. ಕೆಂಚಣ್ಣ ಅದನ್ನು ಒಮ್ಮೆ ನೋಡಿ ಬ್ಯಾಟನ್ನು ಹೆಗಲ ಮೇಲೆಯೇ ಬಿಟ್ಟ. ನ್ಯಾಯಕ್ಕಾಗಿ ಕಣ್ಣು ತೆರೆದಿಟ್ಟೆನೆಂದು ಹೇಳಿಕೊಳ್ಳಲಾರೆ. ಕದಿಯುವುದಕ್ಕಾಗಿ ತೆರೆದಿಟ್ಟೆ. ಅವಳು ಹೇಗೆ ಮಾಡುತ್ತಾಳೆಂಬುದು ನನಗೆ ಬೇಕಾಗಿತ್ತು. ಹೆಸರಿಗಿಂತ ಹೆಚ್ಚಾಗಿ ಬೇಕಾಗಿತ್ತು.

ಗ್ಲೌಸು ಚೆಂಡಿಗಿಂತ ಕೆಳಗೆ ಇತ್ತು, ಚೆಂಡಿಗಿಂತ ಆಚೆಗೂ ಇತ್ತು. ಚೆಂಡು ಬರುವ ಮೊದಲೇ ಅದು ಹೊರಟಿತ್ತು, ಒಳಮುಖವಾಗಿ, ಮೇಲ್ಮುಖವಾಗಿ. ದಾರಿಯಲ್ಲಿ ಚೆಂಡು ಅದರೊಳಕ್ಕೆ ಬಂದು ಸೇರಿತು. ಸೇರುವುದಕ್ಕೆ ಮೊದಲೂ ಸೇರಿದ ಮೇಲೂ ಕೈಯದು ಒಂದೇ ನಡೆ. ನಡುವೆ ಎಳೆತವಿಲ್ಲ, ಪೆಟ್ಟಿಲ್ಲ, ಭುಜ ಮಿಸುಕಲಿಲ್ಲ. ಗೆಣ್ಣನ್ನು ದಾಟಿ ಮಣಿಕಟ್ಟಿಗೆ ಬಂದ ಬಳೆಯಂತೆ ಚೆಂಡು ಕೆಂಚಣ್ಣನ ಮೊಣಕಾಲಿನ ಮೇಲ್ಗಡೆ, ಹಲಗೆಯ ಅಂಚಿನ ಈಚೆಗೆ ಇತ್ತು. ಅದು ಬೇರೆಲ್ಲಿಂದಲೋ ಬಂದದ್ದೆಂದು ಹೇಳಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ತಗ್ಗಾಗಿ ಬಂದದ್ದನ್ನು ಈಗಷ್ಟೇ ಕಂಡಿದ್ದ ನನ್ನ ಕಣ್ಣೇ ಆ ಸಂಗತಿಯನ್ನು ಮರೆತಿತ್ತು.

"ಸ್ಟ್ರೈಕ್!" ಎಂದೆ. ಹೇಳಿದ್ದು ನನ್ನ ಬಾಯಿಯೇ. ಅದು ನನ್ನನ್ನು ಕೇಳಲಿಲ್ಲ.

ಗುಡ್ಡದ ನೆತ್ತಿ ಬರಿದಾಯಿತು. ಬಯಲಿನ ಮೇಲೆ ಮಬ್ಬು ಹರಡಿತು, ಮೆತ್ತಗೆ, ನನ್ನ ಹೆಂಡತಿ ಹೇಳಿದ ಹಾಗೆಯೇ. ಜೈಬೂನಮ್ಮ ಬುಟ್ಟಿಯನ್ನು ತಲೆಯ ಮೇಲೆತ್ತಿ, "ಒಂದೂ ಬಿರಿದಿಲ್ಲ! ಒಂದೂ ಬಿರಿದಿಲ್ಲ!" ಎಂದು ಕೂಗುತ್ತ ಓಡಿದಳು. ಕೆಂಚಣ್ಣ ಬ್ಯಾಟನ್ನು ನೆಲಕ್ಕೆ ಹಾಕಿ, "ಏನ್ ಯಜಮಾನ್ರೇ, ಇಷ್ಟೊತ್ತು ಎಲ್ಲಾನೂ ಹೊರಗೆ ಅಂದು, ನಿಜವಾಗ್ಲೂ ಹೊರಗಿದ್ದಿದ್ದನ್ನ ಒಳಗೆ ಅಂದ್ರಲ್ಲ!" ಎಂದು ಗೊಣಗುತ್ತ ಹೋದ. ಜನ ಹೊಂಬಾಳೆಯನ್ನು ಸುತ್ತುವ ಮೊದಲು ಅವಳು ಎದ್ದು ನನ್ನ ಬಳಿ ಬಂದಳು. ಮಬ್ಬಿನಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ.

"ಯಜಮಾನ್ರೇ, ಒಂದು ಮಾತು. ಅದು ಹೊರಗಿತ್ತು ಅಲ್ವಾ?"

"ಒಳಗಿತ್ತು."

"ನನಗೆ ಹೊರಗೆ ಅನ್ನಿಸ್ತು. ಕರುಣೆಗೇನಾದ್ರೂ ಅಂದಿದ್ರೆ ನಂಗೆ ಬ್ಯಾಡ, ಈಗ್ಲೇ ಹೇಳ್ಬುಡಿ."

ಕರುಣೆ ಎಂದು ಹೇಳಿದ್ದರೆ ಅವಳ ಸಂಜೆ ಅಲ್ಲಿಯೇ ಹುಳಿಯಾಗುತ್ತಿತ್ತು. ಅಂಥ ಒಂದು ಮಾತಿನ ಹುಳಿ ಹೇಗಿರುತ್ತದೆಂದು ಅಂದೇ ಮಧ್ಯಾಹ್ನ ಪುಟ್ಟಾಚಾರರಿಂದ ನಾನು ಉಂಡಿದ್ದೆ. ಹೇಳುವ ಆಸೆ ನಾಲಗೆಯ ತುದಿಗೆ ಬಂತು. ಆದರೆ ಅದು ಸುಳ್ಳಾಗುತ್ತಿತ್ತು. ಕರುಣೆ ನನ್ನ ಹತ್ತಿರ ಸುಳಿದೂ ಇರಲಿಲ್ಲ.

"ಹಿಡಿಯೋದು ನಿನ್ನ ಕೆಲಸ. ಒಳಗೋ ಹೊರಗೋ ಹೇಳೋದು ಅಂಪೈರ್ ಕೆಲಸ. ನಾನು ಕಂಡಿದ್ದು ಒಳಗೆ. ನನಗೆ ಕರುಣೆ ಗಿರುಣೆ ಏನೂ ಇಲ್ಲ. ನಿನ್ನನ್ನ ಕಂಡ್ರೆ ನನಗೆ ಆಗೋದೂ ಇಲ್ಲ."

"ಅದು ಗೊತ್ತು ಬುಡಿ, ಊರಿಗೇ ಗೊತ್ತು" ಎಂದು ಅವಳು ನಕ್ಕಳು. ಉಸಿರು ಬಿಟ್ಟದ್ದೂ ಕೇಳಿಸಿತು. ಜನ ಬಂದು ಅವಳನ್ನು ಕರೆದೊಯ್ದರು.

ನಾನು ಮನೆ ಸೇರುವಷ್ಟರಲ್ಲಿ ಹೆಂಡತಿ ಹೊಸಿಲ ಒಳಗೆ ದೀಪದ ಮುಂದೆ ನಿಂತಿದ್ದಳು. ಬೀದಿಯ ಉದ್ದಕ್ಕೂ ಮನೆಗಳಿಂದ ಹೊಸ ಹೆಸರು ಕೇಳಿಬರುತ್ತಿತ್ತು. ಒಂದೊಂದು ಸಲ ಕೇಳಿದಾಗಲೂ ಒಂದೊಂದು ಕಿಟಕಿಯಲ್ಲಿ ಬೆಳಕು ಮೂಡುತ್ತಿತ್ತು. ಊರಿನಲ್ಲಿ ಕತ್ತಲಾಗಿದ್ದುದು ನನ್ನ ಮನೆಯೊಂದೇ. ಅವಳು ಕಡ್ಡಿ ಗೀರಿದಳು.

"ಹೇಳಿ. ಯಾರ ಸಂಜೆ?"

ಕಡ್ಡಿ ಅರ್ಧಕ್ಕೆ ಬಂತು. ಅವಳು ಅದನ್ನು ಆರಿಸಲಿಲ್ಲ, ಬತ್ತಿಗೂ ಹಿಡಿಯಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಉರಿ ಬೆರಳಿನ ಹತ್ತಿರಕ್ಕೆ ಬಂತು.

"ಹೊಂಬಾಳೆಯ ಸಂಜೆ ಬಂತು" ಎಂದೆ.

"ಬಂತು" ಎಂದು ಅವಳು ದೀಪ ಹಚ್ಚಿ, ಬೆರಳನ್ನು ಬಾಯಿಗಿಟ್ಟುಕೊಂಡಳು. ಆಮೇಲೆ ನನ್ನತ್ತ ತಿರುಗಿ, "ಕೈಗೇನಾಯ್ತು ನಿಮಗೆ?" ಎಂದು ಕೇಳಿದಳು.

ಬೆಳಕಿನಲ್ಲಿ ನೋಡಿಕೊಂಡೆ. ನನ್ನ ಎಡಗೈ ಬೆರಳು ಬಿಡಿಸಿಕೊಂಡು, ಮೊಣಕಾಲಿನ ಕೆಳಗಿನಿಂದ ಹೊರಟು, ಒಳಮುಖವಾಗಿ, ಮೇಲ್ಮುಖವಾಗಿ ಬರುತ್ತಿತ್ತು. ಮತ್ತೆ ಕೆಳಗೆ ಹೋಗಿ ಮತ್ತೆ ಬರುತ್ತಿತ್ತು. ಪ್ರತಿ ಸಲವೂ ಕೊನೆಯಲ್ಲಿ ಭುಜ ಕುಣಿಯುತ್ತಿತ್ತು.

"ಏನಿಲ್ಲ. ಅಡುಗೆಮನೆಯಿಂದ ಒಂದು ನಿಂಬೆಹಣ್ಣು ತಗೊಂಡು ಬಾ. ಅಲ್ಲಿ ನಿಂತು ನನ್ನ ಕಡೆ ಎಸಿ" ಎಂದೆ.